ಕಂಬಳಿಗುಡ್ಡದಲ್ಲಿ ಕೂಗಬಾರದು

ಮೌನಪ್ಪ ತನ್ನ ಅಣ್ಣನನ್ನು ಕೂಗಿ ಕೊಂದವನು ಎಂದು ಕಂಬಳಿಹಾಳದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಊರಿಗೆಲ್ಲ ಗೊತ್ತು. ಮೌನಪ್ಪನಿಗೂ ಗೊತ್ತು.

ಆಗ ಅವನಿಗೆ ಹತ್ತೊಂಬತ್ತು ವರ್ಷ, ಅಣ್ಣ ಬಸವಂತನಿಗೆ ಇಪ್ಪತ್ತಮೂರು. ಶ್ರಾವಣದ ಒಂದು ಬೆಳಿಗ್ಗೆ ಇಬ್ಬರೂ ಕಂಬಳಿಗುಡ್ಡದ ನೆತ್ತಿಯ ಮೇಲೆ ಕುರಿ ಮೇಯಿಸುತ್ತಿದ್ದರು. ಮೋಡ ಇಳಿಯಿತು. ಆ ಗುಡ್ಡದಲ್ಲಿ ಮೋಡ ಇಳಿಯಿತೆಂದರೆ ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಕುರುಬರಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಮೋಡ ಇಳಿದ ಕೂಡಲೇ ಇದ್ದಲ್ಲೇ ಕೂರಬೇಕು, ಕಂಬಳಿ ಹೊದ್ದುಕೊಳ್ಳಬೇಕು, ಆಕಾಶ ಕಾಣುವವರೆಗೆ ಏಳಬಾರದು. ಮತ್ತು ಯಾರನ್ನೂ ಕೂಗಬಾರದು.

ಕೂಗಬಾರದು ಎನ್ನುವುದಕ್ಕೆ ಕಾರಣ ದೆವ್ವವಲ್ಲ, ಕಲ್ಲು. ನೆತ್ತಿಯ ಪಡುವಣ ಅಂಚಿನಲ್ಲಿ ಆಳವಾದ ಕೊಳ್ಳವಿದೆ. ಕೊಳ್ಳದ ಆಚೆ ಹಿರೇಬಂಡೆ ಎಂಬ ನುಣುಪಾದ ಕಲ್ಲು ಗೋಡೆಯಂತೆ ನಿಂತಿದೆ. ನೆತ್ತಿಯ ಮೇಲೆ ಎಲ್ಲಿಂದ ಕೂಗಿದರೂ ದನಿ ಆ ಬಂಡೆಗೆ ಬಡಿದು, ಕೊಳ್ಳದ ಅಂಚಿನಲ್ಲೇ ನಿಂತು ಯಾರೋ ಕರೆದಂತೆ ತಿರುಗಿ ಬರುತ್ತದೆ. ಬಿಸಿಲಿದ್ದರೆ ಕಣ್ಣು ಕಿವಿಯನ್ನು ತಿದ್ದುತ್ತದೆ. ಮೋಡದಲ್ಲಿ ಕಿವಿ ಹೇಳಿದ್ದೇ ನಿಜ.

ಇದೆಲ್ಲ ಗೊತ್ತಿದ್ದೂ ಮೌನಪ್ಪ, ಒಂದು ಮರಿ ತಪ್ಪಿಸಿಕೊಂಡ ಗಾಬರಿಯಲ್ಲಿ, "ಬಸವಂತಣ್ಣಾ" ಎಂದು ಕೂಗಿಬಿಟ್ಟ. "ಬಂದ್ನೋ" ಎಂದು ಅಣ್ಣ ಓಗೊಟ್ಟ. ಅವನು ಹೋದದ್ದು ತಮ್ಮನ ಕಡೆಗಲ್ಲ, ದನಿಯ ಕಡೆಗೆ.

ಆ ಜಾಗಕ್ಕೆ ಈಗ ಬಸವಂತನ ಜಾರು ಎಂದು ಹೆಸರು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತರೆ ಒಂದಾದ ಮೇಲೊಂದು ಬೋಳು ಗುಡ್ಡಗಳು ಕಾಣುತ್ತವೆ. ಯಾರೋ ಒಟ್ಟಿಟ್ಟ ಕಲ್ಲುಗಳ ಹಾಗೆ. ನಡುವೆ ಒಂದೇ ಒಂದು ಗುಡ್ಡದ ತಲೆಯ ಮೇಲೆ ಕಪ್ಪುಹಸಿರು ಕಾಡು ಇದೆ. ಅದೇ ಕಂಬಳಿಗುಡ್ಡ. ಸುತ್ತಲಿನವುಗಳಿಗಿಂತ ಎತ್ತರವಾದ್ದರಿಂದ ಆಷಾಢದಿಂದ ಕಾರ್ತೀಕದವರೆಗೆ ಪಡುವಣ ಗಾಳಿ ತಂದ ಮೋಡ ಅದಕ್ಕೆ ತಾಗುತ್ತದೆ, ತಾಗಿ ಅಲ್ಲೇ ಕೂರುತ್ತದೆ. ಕೆಳಗೆ ತೊಗರಿ ಹೊಲದಲ್ಲಿ ಧೂಳು ಏಳುತ್ತಿರುವಾಗಲೂ ಮೇಲೆ ಕಾಡಿನೊಳಗೆ ಹನಿ ಬೀಳುತ್ತಿರುತ್ತದೆ. ಮಳೆಯಲ್ಲ, ಎಲೆಗಳಿಗೆ ಸಿಕ್ಕಿಕೊಂಡ ಮೋಡವೇ ನೀರಾಗಿ ತೊಟ್ಟಿಕ್ಕುವುದು. ಅಲ್ಲಿನ ಮರಗಳು ಕುಳ್ಳಾಗಿ, ತಿರುಚಿಕೊಂಡು ಬೆಳೆದಿವೆ. ಮೈಯೆಲ್ಲ ಪಾಚಿ. ಕೊಂಬೆಗಳಿಗೆ ಕಲ್ಲುಹೂವು ಅಂಟಿಕೊಂಡಿರುತ್ತದೆ, ಮಸಾಲೆಗೆ ಹಾಕುತ್ತಾರಲ್ಲ, ಅದೇ. ಕಂಬಳಿಹಾಳದ ಸೇದುವ ಬಾವಿ ಬೇಸಿಗೆಯಲ್ಲೂ ಬತ್ತದಿರುವುದು ಈ ಹನಿಗಳಿಂದಲೇ.

ಗುಡ್ಡದ ಬುಡದಲ್ಲಿ ಒಂದು ಬೂದಿದಿಬ್ಬವಿದೆ. ಯಾವನೋ ರಾಕ್ಷಸನನ್ನು ಸುಟ್ಟ ಬೂದಿ ಎಂದು ಊರಿನವರು ಹೇಳುತ್ತಿದ್ದರು. ಅಗೆಯಲು ಬಂದ ಪಂಡಿತರು, ಅದು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಸಗಣಿ ಒಟ್ಟಿ ಸುಟ್ಟ ಬೂದಿ ಎಂದರು. ಅಂದರೆ ಅಷ್ಟು ಕಾಲದಿಂದ ಜನ ಇಲ್ಲಿ ಜಾನುವಾರು ಮೇಯಿಸಿದ್ದಾರೆ, ಮೋಡ ಇಳಿದಾಗ ಕೂತಿದ್ದಾರೆ. ನೆತ್ತಿಯ ಮೇಲೆ ನಾಯಕರ ಕಾಲದ ಕಾವಲು ಗೋಡೆಯೊಂದು ಅರ್ಧ ಬಿದ್ದು ಅರ್ಧ ಉಳಿದಿದೆ. ನಿಜಾಮರ ಕಾಲದಲ್ಲಿ ಅದು ಶಿಕಾರಿಯ ಕಾಡಾಯಿತು. ಉರ್ದು ಅಕ್ಷರ ಕೆತ್ತಿದ ಗಡಿಗಲ್ಲುಗಳು ಇನ್ನೂ ಇವೆ. ಆಮೇಲೆ ಸರಕಾರದ ಸಂರಕ್ಷಿತ ಅರಣ್ಯವಾಯಿತು. ಬಸವಂತ ಸತ್ತ ನಾಲ್ಕನೇ ವರ್ಷ ತಂತಿಬೇಲಿ ಬಂತು, ಕುರಿಗಳನ್ನು ಕೆಳಗೆ ಇಳಿಸಿದರು. ಹಟ್ಟಿ ಕಳೆದುಕೊಂಡ ಮನೆಗೆ ಒಂದು ಕೆಲಸ ಎಂದು ಮೌನಪ್ಪನನ್ನು ದಿನಗೂಲಿಯ ವಾಚರ್ ಮಾಡಿದರು. ಅಪ್ಪನನ್ನು ಹೊರಹಾಕಿದ ಬೇಲಿಯನ್ನು ಮಗ ಕಾಯತೊಡಗಿದ.

ಅಣ್ಣ ಹೋದಂದಿನಿಂದ ಮೂವತ್ತೆಂಟು ವರ್ಷ ಮೌನಪ್ಪ ಆ ಗುಡ್ಡದ ಮೇಲೆ ದನಿ ಎತ್ತಲಿಲ್ಲ. ಬೇಕಾದವರ ಹತ್ತಿರ ನಡೆದು ಹೋಗಿ ಮಾತಾಡುತ್ತಿದ್ದ. ಕಳ್ಳತನದಿಂದ ಸೌದೆ ಕಡಿಯುವವರ ಹಿಂದೆ ಸದ್ದಿಲ್ಲದೆ ಬಂದು ನಿಂತು ಕೆಮ್ಮುತ್ತಿದ್ದ.

"ಅವ್ವ ಹೆಸರು ಸುಮ್ನ ಇಟ್ಟಿಲ್ಲ ಬಿಡು ಕಾಕಾ," ಎಂದು ಗಾರ್ಡ್ ಮಹೇಶಕುಮಾರ ಛೇಡಿಸುತ್ತಿದ್ದ. ಮಹೇಶಕುಮಾರ ಸೈದಾಪುರದ ಕಡೆಯ ಹುಡುಗ, ಬಯಲುಸೀಮೆಯಲ್ಲಿ ಬೆಳೆದವನು, ಗುಡ್ಡಕ್ಕೆ ಬಂದು ಎಂಟು ತಿಂಗಳಾಗಿತ್ತು. "ನೀ ಒಂದಿನ ಒದರಿದಿ ಅಂದ್ರ ನಾ ಊರಿಗೆಲ್ಲ ಪೇಢೆ ಹಂಚತೀನಿ ನೋಡು."

"ನೀ ಹಂಚೂದ ಬ್ಯಾಡ, ನಾ ಒದರೂದ ಬ್ಯಾಡ," ಎಂದು ಮೌನಪ್ಪ ನಗುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ಹೇಳಬೇಕಿತ್ತು.

ಮೂರು ವರ್ಷಗಳ ಹಿಂದೆ ಆಷಾಢದಲ್ಲಿ ಕಸ್ತೂರಿ ಬಂದಳು. ಮಂಡ್ಯ ಕಡೆಯವಳು, ಇಪ್ಪತ್ತಾರು ವರ್ಷ, ಮೋಡದ ನೀರಿನಿಂದ ಬದುಕುವ ಕಾಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮರಗಳ ಕೆಳಗೆ ಕೊಳವೆ, ಬಾಟಲಿ ಕಟ್ಟಿ, ದಿನಕ್ಕೆಷ್ಟು ಹನಿ ನೀರು ಬೀಳುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅವಳನ್ನು ಕರೆದೊಯ್ದು ಕರೆತರುವುದು ಮೌನಪ್ಪನ ಕೆಲಸ.

ಮೊದಲ ದಿನ ಅವನು, "ಆ ಗಿಡದ ಕೆಳಗ ನಿಂದ್ರಿ ಮೇಡಮ್ಮ, ನಾ ಬಂದೆ," ಎಂದು ಹೋದ. ಬಂದು ನೋಡಿದರೆ ಅವಳು ನೆಲ ನೋಡುತ್ತ ಪೊದೆಗಳ ನಡುವೆ ಅಲೆಯುತ್ತಿದ್ದಳು.

"ಯಾವ ಗಿಡ ಮೌನಪ್ಪನವರೇ? ಇಲ್ಲಿ ಗಿಡಾನೇ ಇಲ್ವಲ್ಲ?"

"ಇಷ್ಟ ದೊಡ್ಡ ಗಿಡ ಕಾಣವಲ್ದೇನ್ರಿ?" ಎಂದು ಅವನು ಮನೆಯಷ್ಟು ಎತ್ತರದ ಬಸರಿ ಮರದ ಮೇಲೆ ಕೈ ಬಡಿದ.

"ಅಯ್ಯೋ, ಇದು ಮರ!"

"ಹಂಗಾರ ನಿಮ್ಮ ಕಡಿ ಗಿಡ ಅಂದ್ರ ಎಷ್ಟುದ್ದ ಇರ್ತದ್ರಿ?"

ಅವಳು ಮೊಣಕಾಲು ತೋರಿಸಿದಳು. ಮೌನಪ್ಪ ಕೂತು ನಕ್ಕ. ಅಂದಿನಿಂದ ಅವಳು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಅವನ ಮಾತುಗಳ ಪಟ್ಟಿ ಬರೆಯತೊಡಗಿದಳು. ಗಿಡ ಎಂದರೆ ಮರ. ಬಂಡಿ ಎಂದರೆ ಗಾಡಿಯೂ ಹೌದು, ಬಂಡೆಯೂ ಹೌದು. ಒದರು ಎಂದರೆ ಕೂಗು. ಮಾಡ ಎಂದರೆ ಮೋಡ. ಒಂದೂವರೆ ತಿಂಗಳಲ್ಲಿ ಪಟ್ಟಿ ಎರಡು ಹಾಳೆ ತುಂಬಿತು. ಇನ್ನು ಗೊತ್ತಿಲ್ಲದ ಮಾತೇನೂ ಉಳಿದಿಲ್ಲ ಎಂದು ಇಬ್ಬರೂ ತಿಳಿದುಕೊಂಡರು.

ಒಂದು ಉಳಿದಿತ್ತು. ಮುಗಿಲು. ನಮ್ಮ ಕಡೆ ಮುಗಿಲು ಎಂದರೆ ಆಕಾಶ. ಅವಳ ಊರಿನಲ್ಲಿ, ಅವಳು ಓದಿದ ಪುಸ್ತಕಗಳಲ್ಲಿ, ಮುಗಿಲು ಎಂದರೆ ಮೋಡ. ಎರಡೂ ಕಡೆಯವರು ದಿನಾ ಆಡುವ ಮಾತು. ಹಾಗಾಗಿ ಅದರ ಅರ್ಥ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಆ ವರ್ಷ ಗುಡ್ಡದ ನಡವಳಿಕೆಯೇ ಸರಿಯಿರಲಿಲ್ಲ. ಮೊದಲೆಲ್ಲ ಮೋಡ ಬೆಳ್ಳಂಬೆಳಿಗ್ಗೆಯೇ ಇಳಿದು, ಒಂಬತ್ತು ಗಂಟೆಯ ಹೊತ್ತಿಗೆ ಏಳುತ್ತಿತ್ತು. ಗಡಿಯಾರದ ಹಾಗೆ. ಈಗ ಮಧ್ಯಾಹ್ನಕ್ಕೂ ಬರುತ್ತಿತ್ತು, ಸಂಜೆಗೂ ಬರುತ್ತಿತ್ತು. ಕೆಲವು ಸಲ ವಾರಗಟ್ಟಲೆ ಬಾರದೆ, ಬಂದಾಗ ಒಮ್ಮೆಲೇ ಗೋಡೆ ಕುಸಿದಂತೆ ಬೀಳುತ್ತಿತ್ತು. ಕರಿಮೂತಿಯ ಮುಸಿಯ ಕೋತಿಗಳು ಕಾಡು ಬಿಟ್ಟು ಊರ ಮಾಳಿಗೆಗಳ ಮೇಲೆ ಬಂದು ಕೂತಿದ್ದವು. ಕಲ್ಲುಹೂವು ಕೊಂಬೆಯ ಮೇಲೇ ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು.

"ಇದು ಗಾಳಿ ಕೆಟ್ಟಿದ್ದಕ್ಕೆ ಮೊದಲು ಸಾಯೋ ಜೀವ, ಮೌನಪ್ಪನವರೇ," ಎಂದಳು ಕಸ್ತೂರಿ. "ಇದಕ್ಕೆ ಬೇರಿಲ್ಲ. ಮೋಡದಲ್ಲಿ ಏನಿರುತ್ತೋ ಅದನ್ನೇ ಕುಡಿಯುತ್ತೆ."

"ಹಂಗಾರ ನಮ್ಮ ಬಾವ್ಯಾಗೂ ಅದ ನೀರೇ ಅಲ್ಲೇನ್ರಿ?"

ಅವಳು ಪುಡಿಯನ್ನು ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಶ್ರಾವಣದ ಎರಡನೇ ವಾರ, ಒಂದು ಬೆಳಿಗ್ಗೆ ಎಂಟು ಗಂಟೆಗೆ ಇಬ್ಬರೂ ನೆತ್ತಿಯ ಮೇಲೆ ಅವಳ ಬಾಟಲಿಗಳ ಹತ್ತಿರ ಇದ್ದರು. ಸುತ್ತ ತೆಳುವಾದ ಮೋಡವಿತ್ತು, ಹಾಲಿಗೆ ನೀರು ಬೆರೆಸಿದಂತೆ. ಹತ್ತು ಮಾರು ದೂರದ ಮರ ಮಸುಕಾಗಿ ಕಾಣುತ್ತಿತ್ತು. ಆಗ ಕೆಳಗಿನಿಂದ ಮೌನಪ್ಪನ ಫೋನಿಗೆ ಕರೆ ಬಂತು. ಪಡುವಣ ಬೇಲಿ ಮುರಿದು ದನ ಒಳಗೆ ನುಗ್ಗಿದ್ದವು.

ಹೋಗಲು ಅವನಿಗೆ ಮನಸ್ಸಿರಲಿಲ್ಲ. ಅವಳನ್ನು ಒಬ್ಬಳೇ ಬಿಟ್ಟದ್ದು ಅದೇ ಮೊದಲು.

"ಮೇಡಮ್ಮ, ಒಂದ ಮಾತ ಹೇಳ್ತೀನಿ, ನೆಪ್ಪ ಇಟಗೋರಿ. ಈಗ ಇಲ್ಲೇ ಕುಂತ ಕೆಲಸ ಮಾಡ್ರಿ. ಮುಗಿಲು ಕಾಣಿಸಿದ ಮ್ಯಾಲ ಇಳೀರಿ. ಮುಗಿಲು ಕಾಣೂತನಕ ಬಿಲ್ಕುಲ್ ಜಾಗಾ ಬಿಟ್ಟ ಏಳಬ್ಯಾಡ್ರಿ."

"ಆಯ್ತು. ಮುಗಿಲು ಬರೋವರ್ಗೂ ಇಲ್ಲೇ ಇರ್ತೀನಿ, ಬಂದ ತಕ್ಷಣ ಇಳೀತೀನಿ."

"ಹಾಂ, ಅಷ್ಟ ಮಾಡ್ರಿ."

ತೆಳುವಾದದ್ದನ್ನು ಅವಳು ಮಂಜು ಎಂದುಕೊಂಡಿದ್ದಳು. ಮುಗಿಲು ಎಂದರೆ ಅವಳಿಗೆ ದಟ್ಟವಾದ ಮಳೆಮೋಡ. ಮೋಡ ಬಂದರೆ ಅಪಾಯ, ಕೂಡಲೇ ಇಳಿದುಬಿಡು ಎಂದು ಹೇಳಿದ್ದಾನೆಂದು ತಿಳಿದಳು. ಯಾರಿಗಾದರೂ ಸರಿಯೆನಿಸುವ ಮಾತೇ ಅದು. ಸಮಾಧಾನದಿಂದ ಮೌನಪ್ಪ ಪಡುವಣ ಇಳಿಜಾರಿನಲ್ಲಿ ಇಳಿದು ಹೋದ.

ಬೇಲಿಯ ಹತ್ತಿರ ಏಳು ದನ ಇದ್ದವು. ಆರನ್ನು ಹೊರಗಟ್ಟಿ, ಏಳನೆಯದರ ಕೊಂಬಿಗೆ ಸಿಕ್ಕಿದ್ದ ತಂತಿ ಬಿಡಿಸುತ್ತಿರುವಾಗ ಫೋನ್ ಸದ್ದು ಮಾಡಿತು.

"ಮೌನಪ್ಪನವರೇ, ಮುಗಿಲು ಬಂತು. ಇಳೀತಾ ಇದ್ದೀನಿ."

"ಛಲೋ ಆತು ಬರ್ರಿ, ನಿದಾನ ಬರ್ರಿ," ಎಂದು ಅವನು ಫೋನನ್ನು ಕಿಸೆಗೆ ಹಾಕಿದ.

ತಂತಿ ಬಿಟ್ಟಿತು. ದನ ಓಡಿತು. ಬೆನ್ನು ನೆಟ್ಟಗೆ ಮಾಡಿ ತಿರುಗಿ ನೋಡಿದ. ಗುಡ್ಡ ಇರಲಿಲ್ಲ. ನೆತ್ತಿ, ಕಾಡು, ಗೋಡೆ, ಹಿರೇಬಂಡೆ, ಯಾವುದೂ ಇರಲಿಲ್ಲ. ಬೂದಿ ಬಣ್ಣದ ರಾಶಿಯೊಂದು ಪಡುವಣದಿಂದ ಬಂದು ಕೂತಿತ್ತು, ಇನ್ನೂ ಬಂದು ಸೇರುತ್ತಲೇ ಇತ್ತು.

ಇಂಥದರಲ್ಲಿ ಅವಳಿಗೆ ಮುಗಿಲು ಎಲ್ಲಿಂದ ಕಂಡಿತು? ಮೋಡದ ಮೇಲಕ್ಕೆ ಬಂದಳೇ? ನೆತ್ತಿಗಿಂತ ಮೇಲೆ ಜಾಗವೇ ಇಲ್ಲ. ಆಗ ಅವನಿಗೆ ಹಿಂದಿನ ವಾರದ ಒಂದು ಸಂಜೆ ನೆನಪಾಯಿತು. ನೆತ್ತಿಯ ಮೇಲಿನ ಗಾರ್ಡಿನ ಶೆಡ್ಡಿನ ಮುಂದೆ ಚಹಾ ಕುಡಿಯುತ್ತ ಅವಳು ಪಡುವಣಕ್ಕೆ ಬೆರಳು ಮಾಡಿ, "ನೋಡಿ, ಒಂದೇ ಒಂದು ಮುಗಿಲು," ಎಂದಿದ್ದಳು. ಮುಗಿಲು ಒಂದೇ ಅಲ್ಲದೆ ಎರಡಿರುತ್ತದೆಯೇ, ಓದಿದವರ ಮಾತೇ ಹೀಗೆ ಎಂದು ಅವನು ಒಳಗೊಳಗೇ ನಕ್ಕಿದ್ದ. ಅಂದು ಅವಳು ಬೆರಳು ಮಾಡಿದ ಕಡೆ ಒಂದು ಮೋಡದ ತುಂಡು ಇತ್ತು.

ಮೋಡ ಬಂದಾಗ ಎದ್ದು ನಡೆ ಎಂದು ತಾನೇ ಹೇಳಿ ಬಂದಿದ್ದ. ಎರಡನೇ ಸಲ, ಅದೇ ಗುಡ್ಡದ ಮೇಲೆ, ಅವನ ಬಾಯಿಂದ ಹೊರಟ ಮಾತು ಒಂದು ಜೀವವನ್ನು ಎಬ್ಬಿಸಿ ನಡೆಸುತ್ತಿತ್ತು.

ಅವಳಿಗೆ ಫೋನ್ ಮಾಡಿದ. ಹತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಇಲ್ಲ. ಮಹೇಶಕುಮಾರನಿಗೆ ಮಾಡಿದ. ಅವನು ಕಾವಲು ಗೋಡೆಯ ಹತ್ತಿರದ ಶೆಡ್ಡಿನಲ್ಲಿದ್ದ.

"ಮಹೇಶಾ, ಮೇಡಮ್ಮ ಮಾಡದಾಗ ಇಳ್ಯಾಕತ್ತಾಳ. ದಾರಿ ತಪ್ಪತಾಳ. ಆಕೀನ್ನ ನಿಂದರಸಬೇಕು. ಆದ್ರ ನೀ ಮಾತ್ರ..."

ಅಷ್ಟಕ್ಕೆ ಫೋನ್ ಕಡಿದುಹೋಯಿತು, ಮತ್ತೆ ಮಾಡಿದರೆ ಹತ್ತಲಿಲ್ಲ. ಒದರಬ್ಯಾಡ ಎನ್ನುವ ಮಾತು ಅವನ ಬಾಯಲ್ಲೇ ಉಳಿಯಿತು.

ಮಹೇಶಕುಮಾರ ಒಳ್ಳೆಯ ಹುಡುಗ. ದಾರಿ ತಪ್ಪಿದವರಿಗಾಗಿ ಒಳ್ಳೆಯವರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಗೋಡೆ ಹತ್ತಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗತೊಡಗಿದ.

ಮೌನಪ್ಪ ಹತ್ತುತ್ತಿದ್ದ. ಹತ್ತು ಹೆಜ್ಜೆಗೆ ಮೋಡ ಅವನನ್ನು ನುಂಗಿತು. ಪಾದಕ್ಕೆ ಗೊತ್ತಿದ್ದ ದಾರಿಯಾದ್ದರಿಂದ ಕಣ್ಣು ಬೇಕಿರಲಿಲ್ಲ. ಐವತ್ತೇಳು ವರ್ಷದ ಮೊಣಕಾಲುಗಳು ಮಾತ್ರ ಒಂದೊಂದು ಕಲ್ಲಿಗೂ ತಕರಾರು ಮಾಡುತ್ತಿದ್ದವು. ಆಗ ಮೊದಲ ಕೂಗು ಕೇಳಿಸಿತು.

"ಮೇಡಮ್!"

ಅದು ಗೋಡೆಯ ಕಡೆಯಿಂದ ಬರಲಿಲ್ಲ. ಬಸವಂತನ ಜಾರಿನಿಂದ ಬಂತು. ಅಂಚಿನಲ್ಲೇ ಒಬ್ಬ ಮನುಷ್ಯ ನಿಂತು ಕರೆದಷ್ಟು ಸ್ಪಷ್ಟವಾಗಿ ಬಂತು. ಅದರ ಹಿಂದೆಯೇ, ಎತ್ತರದಲ್ಲಿ ಎಲ್ಲೋ, ಹೆಣ್ಣುದನಿ ಓಗೊಟ್ಟಿತು.

"ಬಂದೆ! ಅಲ್ಲೇ ಇರಿ, ಬಂದೆ!"

ಮೌನಪ್ಪ ನಿಂತ. ಅವನ ಮುಂದೆ ಎರಡು ದಾರಿಗಳಿದ್ದವು. ಬಲಕ್ಕೆ ಹೋದರೆ ಗೋಡೆ ಸುತ್ತಿ ಅವಳ ಹಿಂದಿನಿಂದ ಬರಬಹುದು. ಅದಕ್ಕೆ ಕಾಲು ಗಂಟೆ ಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲಿಂದಲೇ ಕೂಗಿ ಅವಳನ್ನು ಕೂರಿಸೋಣವೆಂದರೆ, ತನ್ನ ದನಿಯೂ ಬಂಡೆಗೆ ಬಡಿದು ಅದೇ ಅಂಚಿನಿಂದ ಅವಳನ್ನು ಕರೆಯುತ್ತದೆ. ಒಂದು ಕೂಗಿಗೆ ಎರಡಾಗುತ್ತದೆ. ಕೂಗನ್ನು ತಡೆಯುವಂತಿಲ್ಲ, ಅವಳನ್ನು ತಡೆಯುವಂತಿಲ್ಲ.

ಉಳಿದದ್ದು ಒಂದೇ. ದನಿ ಯಾವ ಜಾಗದಿಂದ ಬಂದಂತೆ ಸುಳ್ಳು ಹೇಳುತ್ತಿದೆಯೋ, ಆ ಜಾಗದಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ ಇರಬೇಕು.

ಪ್ರತಿ ಶ್ರಾವಣದಲ್ಲೂ ಅವನು ಕೊಳ್ಳದ ತಳಕ್ಕೆ ಹೋಗಿ, ಅಣ್ಣ ಬಿದ್ದಿದ್ದಲ್ಲಿ ಕಾಯಿ ಒಡೆದು ಬರುತ್ತಿದ್ದ. ಮೇಲಿನ ಅಂಚಿಗೆ ಮಾತ್ರ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಈಗ ಎಡಕ್ಕೆ ತಿರುಗಿದ. ಕೈ ಊರಿ, ಹೊಟ್ಟೆ ಎಳೆದು, ಒದ್ದೆ ಕಲ್ಲಿನ ಮೇಲೆ ಉಡದ ಹಾಗೆ ಹತ್ತಿದ. ಮಹೇಶಕುಮಾರನ ಕೂಗು ಈಗ ಅವನ ಕಿವಿಯ ಪಕ್ಕದಲ್ಲೇ ಹುಟ್ಟುತ್ತಿತ್ತು. ಕೂಗಿದಾಗಲೆಲ್ಲ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎಂದು ಮೈ ಜುಂ ಎನ್ನುತ್ತಿತ್ತು. ಯಾರು ಎಂದು ಅವನು ಹೊರಳಿ ನೋಡಲಿಲ್ಲ.

ಅಂಚು ಕೈಗೆ ಸಿಕ್ಕಿತು. ಕೊಳ್ಳಕ್ಕೆ ಬೆನ್ನು ಮಾಡಿ ಕೂತ. ಎರಡು ಕಲ್ಲುಗಳ ಸಂದಿಗೆ ಹಿಮ್ಮಡಿ ಸಿಕ್ಕಿಸಿದ. ಎರಡೂ ಕೈ ಅಗಲಿಸಿದ.

ಬಾಟಲಿಗಳು ಚೀಲದಲ್ಲಿ ಒಂದಕ್ಕೊಂದು ತಾಗುವ ಸದ್ದು ಹತ್ತಿರವಾಯಿತು. ಉದುರಿದ ಎಲೆ ಸರಿಯಿತು. ಒಂದು ಕಲ್ಲು ಉರುಳಿ ಅವನ ತೊಡೆಗೆ ಬಡಿದು, ಪಕ್ಕಕ್ಕೆ ಜಾರಿ, ಕೆಳಗೆ ಹೋಯಿತು. ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಮಹೇಶ್? ಎಲ್ಲಿದ್ದೀರಾ? ಏನೂ ಕಾಣಿಸ್ತಿಲ್ಲ."

ಮೂರು ಮಾರು. ಎರಡು. ಅವನು ಕೂಗಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ, "ಕುಂದ್ರಬೇ ಯವ್ವಾ," ಎಂದ.

ಅವಳು ಬೆಚ್ಚಿ ಮುಂದಕ್ಕೇ ಹೆಜ್ಜೆಯಿಟ್ಟಳು. ಅವಳ ಕಾಲು ಅವನ ಎದೆಗೆ ಬಡಿಯಿತು. ಎರಡೂ ಕೈಯಿಂದ ಅವಳ ಕಾಲನ್ನು ಅಪ್ಪಿ ಹಿಡಿದ. ಅವಳು ಅವನ ಮೇಲೇ ಕುಸಿದಳು. ಭುಜದಿಂದ ಜಾರಿದ ಚೀಲ ಅವನ ತಲೆಯ ಮೇಲಿಂದ ಹಾರಿ ಹೋಯಿತು. ಬಾಟಲಿಗಳು ಒಡೆದ ಸದ್ದು ಕೇಳುವ ಹೊತ್ತಿಗೆ ಅವಳಿಗೆ ತಾವೆಲ್ಲಿದ್ದೇವೆ ಎಂಬುದು ತಿಳಿದಿತ್ತು. ಕಿರುಚಲು ಬಾಯಿ ತೆರೆದವಳ ಬಾಯನ್ನು ಮೌನಪ್ಪ ಅಂಗೈಯಿಂದ ಮುಚ್ಚಿದ.

"ಒದರಬ್ಯಾಡ. ನೀ ಒದರಿದ್ರ ಮಹೇಶ ಬರ್ತಾನ. ಅಂವಾ ಬಂದ್ರ ಹಿಡ್ಯಾಕ ನನಗ ಇನ್ನೆರಡು ಕೈ ಇಲ್ಲ."

ಇಬ್ಬರೂ ಒಂದು ಮಾರು ಹಿಂದಕ್ಕೆ ತೆವಳಿ, ಒಂದು ಮರದ ಬೇರು ಹಿಡಿದು ಕೂತರು.

"ನೀವೇ ಹೇಳಿದ್ರಲ್ಲ, ಮುಗಿಲು ಬಂದ್ಮೇಲೆ ಇಳೀರಿ ಅಂತ."

"ಹೇಳೀನಿ. ಎಲ್ಲಿ ಅದ ಮುಗಿಲು?"

"ಇದೇ, ಸುತ್ತ ಇರೋದು..."

"ಇದು ಮಾಡ, ಯವ್ವಾ. ಮುಗಿಲು ಅಂದ್ರ ಇದರ ಆಚಿ ಇರೂದು. ನೀಲಿದು."

ಅವಳು ಅಳುತ್ತಿದ್ದಾಳೋ, ಎಲೆಯಿಂದ ಹನಿ ಬೀಳುತ್ತಿದೆಯೋ ಎಂಬುದು ಗೊತ್ತಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೌನಪ್ಪ ತಾನಾಗಿ ಅಣ್ಣನ ಕಥೆ ಹೇಳಿದ. ಹೆಂಡತಿ ರೇಣಮ್ಮನಿಗೂ ಅಷ್ಟು ಪೂರ್ತಿಯಾಗಿ ಅವನು ಅದನ್ನು ಹೇಳಿರಲಿಲ್ಲ.

ಮಹೇಶಕುಮಾರನ ಕೂಗು ನಡೆದೇ ಇತ್ತು. ದನಿ ಒಡೆಯಿತು, ಗೊಗ್ಗರಾಯಿತು. ಆಮೇಲೆ ನಿಂತುಹೋಯಿತು.

ಕೂಗಿಗಿಂತ ಅದು ನಿಂತದ್ದು ಕೆಟ್ಟದಾಗಿತ್ತು. ಅವಳು ಮೊದಲು ಓಗೊಟ್ಟಿದ್ದಳಲ್ಲ, ಆ ದನಿ ಹಿಡಿದು ಅವನು ಗೋಡೆಯಿಂದ ಇಳಿದನೇ? ಎಷ್ಟು ಹೆಜ್ಜೆ ಬಂದ? ಫೋನ್ ಹತ್ತುತ್ತಿರಲಿಲ್ಲ, ಕೇಳಲು ಬೇರೆ ದಾರಿಯಿರಲಿಲ್ಲ. ಕೇಳಬೇಕೆಂದರೆ ಕೂಗಬೇಕು. ಮೌನಪ್ಪ ಬೇರನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕೊಳ್ಳದ ಕಡೆಯಿಂದ ಏನಾದರೂ ಬಿದ್ದ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೂತ. ಎರಡು ಗಂಟೆ ಹಾಗೇ ಕೂತ.

ಹನ್ನೊಂದರ ಸುಮಾರಿಗೆ ತಲೆಯ ಮೇಲೆ ಒಂದು ಬೊಗಸೆಯಷ್ಟು ನೀಲಿ ಕಂಡಿತು. ಅದು ಹಿಗ್ಗಿತು. ಮೊದಲು ಹಿರೇಬಂಡೆ ಕಂಡಿತು, ಆಮೇಲೆ ಕೊಳ್ಳ. ಕಸ್ತೂರಿ ಒಮ್ಮೆ ನೋಡಿ ಮುಖ ತಿರುಗಿಸಿದಳು. ಕೊನೆಗೆ ಗೋಡೆ ಕಂಡಿತು. ಗೋಡೆಯಿಂದ ಮೂವತ್ತು ಹೆಜ್ಜೆ ಈಚೆಗೆ, ಒಂದು ಬಸರಿ ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡು ಮಹೇಶಕುಮಾರ ಕೂತಿದ್ದ. ಹೊರಟಿದ್ದನಂತೆ. ಹಣೆ ಮರಕ್ಕೆ ಬಡಿದದ್ದರಿಂದ ನಿಂತಿದ್ದ. "ಕಾಕಾ" ಎಂದರೆ ಬರೀ ಗಾಳಿ ಹೊರಬಂತು, ದನಿ ಪೂರ್ತಿ ಹೋಗಿತ್ತು.

"ಇವತ್ತ ನೀ ಮೌನಪ್ಪ ಆದಿ ನೋಡು," ಎಂದ ಮೌನಪ್ಪ. ಮೂವರೂ ನಗಲು ಹೋದರು. ಆಗಲಿಲ್ಲ.

ಅರಣ್ಯ ಇಲಾಖೆಯ ವಿಚಾರಣೆಯಲ್ಲಿ ಕಸ್ತೂರಿ, ತಪ್ಪು ತಿಳಿದುಕೊಂಡವಳು ನಾನೇ ಎಂದಳು. ಮೌನಪ್ಪ ಒಪ್ಪಲಿಲ್ಲ. "ಮಾತ ನಂದ್ರಿ. ಆಕಿ ನಾ ಹೇಳಿದ್ದ ಮಾಡ್ಯಾಳ," ಎಂದು ಹೇಳಿ, ಹಾಗೆಯೇ ಬರೆಸಿ, ಹೆಬ್ಬೆಟ್ಟು ಒತ್ತಿದ. ಅವಳ ಅಧ್ಯಯನಕ್ಕೆ ಕೊಟ್ಟ ಪರವಾನಗಿ ನಿಂತಿತು. ಬೇಸಿಗೆಯ ಹೊತ್ತಿಗೆ ಮೌನಪ್ಪನ ಕೆಲಸವೂ ನಿಂತಿತು. ವಯಸ್ಸಾಗಿದೆ, ಇನ್ನು ಸಾಕು ಎಂದರು. ಆ ಜಾಗಕ್ಕೆ ಬೇರೆಯವರು ಬರಲಿಲ್ಲ. ಮಹೇಶಕುಮಾರನಿಗೆ ಬೇರೆ ಕಡೆ ವರ್ಗವಾಯಿತು. ಕಸ್ತೂರಿ ತಿಂಗಳಿಗೊಮ್ಮೆ ಫೋನ್ ಮಾಡಿ ಕಲ್ಲುಹೂವು ಹೇಗಿದೆ ಎಂದು ಕೇಳುತ್ತಾಳೆ. ಉಳಿದಿರೂದ ಕಡಿಮಿ ಅದ ಎಂದು ಅವನು ಹೇಳುತ್ತಾನೆ. ಬಾವಿಯ ಹಗ್ಗಕ್ಕೆ ಹೋದ ವರ್ಷ ಎರಡು ಮೊಳ ಸೇರಿಸಬೇಕಾಯಿತು.

ಈಗ ಗುಡ್ಡಕ್ಕೆ ಬೇರೆ ಜನ ಬರುತ್ತಾರೆ. ಯಾರೋ ಮೋಡ ತುಂಬಿದ ನೆತ್ತಿಯ ವಿಡಿಯೊ ಹಾಕಿದ್ದರಂತೆ, ಲಕ್ಷ ಜನ ನೋಡಿದರಂತೆ. ಶ್ರಾವಣ ಬಂತೆಂದರೆ ಭಾನುವಾರ ಬೆಳಿಗ್ಗೆ ಬೇಲಿಯ ಹತ್ತಿರ ಬೈಕು, ಕಾರುಗಳು ನಿಂತಿರುತ್ತವೆ. ಬೇಲಿ ಎಲ್ಲಿ ಮುರಿದಿದೆ ಎಂದು ಅವರಿಗೂ ಗೊತ್ತು. ಮೇಲೆ ಹೋದವರಿಗೆ ಅಲ್ಲಿ ದನಿ ತಿರುಗಿ ಬರುವುದೂ ಗೊತ್ತಾಗಿದೆ. ಅವರಿಗೆ ಅದೊಂದು ಆಟ. ಮೋಡದೊಳಗೆ ನಿಂತು ಒಬ್ಬರ ಹೆಸರನ್ನು ಒಬ್ಬರು ಕೂಗುತ್ತಾರೆ, ತಿರುಗಿ ಬಂದರೆ ಕೇಕೆ ಹಾಕುತ್ತಾರೆ. ಆ ಹೆಸರುಗಳು ಕಂಬಳಿಹಾಳದ ಅಂಗಳದವರೆಗೆ ಕೇಳಿಸುತ್ತವೆ.

ಮೊದಲ ಸಲ ಕೇಳಿದಾಗ ಮೌನಪ್ಪ ಊಟಕ್ಕೆ ಕೂತಿದ್ದ. ರೊಟ್ಟಿ ಬಿಟ್ಟು ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ.

"ಎಲ್ಲಿಗಿ?" ಎಂದಳು ರೇಣಮ್ಮ. "ಪಗಾರ ಇಲ್ಲ, ನೌಕರಿ ಇಲ್ಲ. ಸರಕಾರ ನಿನ್ನ ಬಿಟ್ಟದ. ನೀ ಯಾಕ ಗುಡ್ಡ ಬಿಡವಲ್ಲಿ?"

"ಯಾರೋ ಯಾರನ್ನೋ ಕರ್ಯಾಕತ್ತಾರ."

"ಕರೀಲಿ! ನಿನ್ನ ಕರ್ಯಾಕತ್ತಾರೇನು?"

ಅಷ್ಟರಲ್ಲಿ ಅವನು ಹೋಗಿದ್ದ. ಆಮೇಲೆ ಅದೇ ರೂಢಿಯಾಯಿತು. ಮೋಡ ಇಳಿದ ಭಾನುವಾರಗಳಲ್ಲಿ ಹೆಸರುಗಳು ಕೇಳಿಸಿದ ಕೂಡಲೇ ಹೊರಡುತ್ತಾನೆ. ಗದರುವುದಿಲ್ಲ. ಗದರಿದರೂ ಅದು ಕೂಗೇ. ಪಡುವಣ ಇಳಿಜಾರಿನಿಂದ ಹತ್ತಿ, ಬಸವಂತನ ಜಾರಿನ ಅಂಚಿನಲ್ಲಿ ಕೊಳ್ಳಕ್ಕೆ ಬೆನ್ನು ಮಾಡಿ ಕೂರುತ್ತಾನೆ. ಹೋದ ವರ್ಷ ಒಬ್ಬ ಹುಡುಗ, ಅದಕ್ಕೂ ಮೊದಲು ಗಂಡಹೆಂಡತಿ ಇಬ್ಬರು, ಗೆಳೆಯರ ದನಿ ಹಿಡಿದು ನಡೆದು ಬಂದು ಅವನ ಕೈಗೆ ತಾಗಿದರು. ಮುದುಕನೊಬ್ಬ ದಾರಿಗೆ ಅಡ್ಡ ಕೂತಿದ್ದ ಎಂದು ಆ ಹುಡುಗ ಕೆಳಗೆ ಬಂದು ಬೈದುಕೊಂಡು ಹೋದ. ಅವನಿಗೆ ಕೊಳ್ಳ ಕಂಡಿರಲಿಲ್ಲ.

ಈ ಶ್ರಾವಣದಲ್ಲಿ ಮೌನಪ್ಪನಿಗೆ ಎಂಟು ದಿನ ಜ್ವರ. ಇವತ್ತು ಭಾನುವಾರ, ಜ್ವರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಏಳು ಗಂಟೆಗೆ ಕೆಳಗೆ ಹನ್ನೊಂದು ಬೈಕುಗಳು ಬಂದು ನಿಂತವು. ಎಂಟಕ್ಕೆ ಮೋಡ ಒಮ್ಮೆಲೇ ಬಿತ್ತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೆಸರುಗಳು ಬರತೊಡಗಿದವು, ಒಂದರ ಮೇಲೊಂದು, ನಗುವಿನ ಜೊತೆ. ರೇಣಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿ, ಬಡಿಗೆ ಊರಿಕೊಂಡು ಹೋದ.

ಒಂಬತ್ತರ ಹೊತ್ತಿಗೆ ಹೆಸರುಗಳು ಕೇಳಿಸುವುದು ನಿಂತಿತು. ಹತ್ತಾಯಿತು. ಹನ್ನೆರಡಾಯಿತು. ರೇಣಮ್ಮ ಮೂರು ಸಲ ಅಂಗಳಕ್ಕೆ ಬಂದು ನೋಡಿದಳು. ಹನ್ನೊಂದು ಬೈಕುಗಳೂ ಹಾಗೇ ನಿಂತಿದ್ದವು, ಮೇಲಿನಿಂದ ಯಾರೂ ಇಳಿದು ಬಂದಿರಲಿಲ್ಲ. ಗುಡ್ಡ ಕಾಣಲಿಲ್ಲ.